ಶೀನಪ್ಪಣ್ಣನ ಕಣ್ಣೆದುರು ಒಂದು ಕ್ಯಾಚು

ಅಬುಧಾಬಿಯ ಆಕಾಶದಿಂದ ಬಿದ್ದ ಯಾವ ವಸ್ತುವೂ ನನ್ನ ಕೈ ತಪ್ಪಿಸಿ ನೆಲ ಮುಟ್ಟಿದ್ದಿಲ್ಲ. ಆ ಊರಲ್ಲಿ ಮಳೆ ಯಾಕೆ ಕಡಿಮೆ ಎನ್ನುವುದಕ್ಕೆ ಹವಾಮಾನದವರು ಏನೇನೋ ಕಾರಣ ಕೊಡುತ್ತಾರೆ. ತೊಂಬತ್ತೆಂಟರಲ್ಲಿ ನಾನು ಅಲ್ಲಿನ ಕೈಗಾರಿಕಾ ಪ್ರದೇಶ ಮುಸಫ್ಫಾದಲ್ಲಿದ್ದೆ ಎಂಬ ಕಾರಣವನ್ನು ಮಾತ್ರ ಯಾರೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ನನ್ನ ಹೆಸರು ಲತೇಶ್. ಊರು ಕಟಪಾಡಿ. ಬೇಸ್‌ಬಾಲ್ ಆಡಿ ಸಂಬಳ ತೆಗೆದುಕೊಂಡ ಪ್ರಪಂಚದ ಮೊದಲ ಕನ್ನಡಿಗ ನಾನೇ. ನನಗಿಂತ ಮೊದಲಿನವರು ಇದ್ದರೆ ಎದುರು ಬಂದು ಹೇಳಲಿ, ಈವರೆಗೆ ಯಾರೂ ಬಂದಿಲ್ಲ. ಆ ವೃತ್ತಿಜೀವನ ಒಂದು ಚಳಿಗಾಲದಷ್ಟು ಉದ್ದವಿತ್ತು. ಅಷ್ಟೇನಾ ಎಂದು ನೀವು ಕೇಳಬಹುದು. ಗ್ರಹಣವೂ ಬಹಳ ಹೊತ್ತು ಇರುವುದಿಲ್ಲ, ಆದರೂ ಜನ ಕನ್ನಡಕ ಹುಡುಕಿಕೊಂಡು ನೋಡುತ್ತಾರೆ.

ಆಗ ನಾನಿದ್ದದ್ದು ಎಣ್ಣೆಬಾವಿಗಳಿಗೆ ಪೈಪು ಸಿದ್ಧಮಾಡುವ ಒಂದು ಕಂಪನಿಯ ಯಾರ್ಡಿನಲ್ಲಿ. ಕ್ರೇನಿನ ಕೆಳಗೆ ನಿಂತು ಎತ್ತು, ಇಳಿಸು, ನಿಲ್ಲಿಸು ಎಂದು ಕೈಸನ್ನೆ ಮಾಡುವ ಕೆಲಸ. ಸಣ್ಣ ಕೆಲಸ ಅಂದುಕೊಳ್ಳಬೇಡಿ. ನಾನು ಒಂದು ಬೆರಳು ಎತ್ತಿದರೆ ಟನ್ನುಗಟ್ಟಲೆ ಕಬ್ಬಿಣ ಏಳುತ್ತಿತ್ತು. ಮಂತ್ರಿಗಳು ಎರಡೂ ಕೈ ಎತ್ತಿದರೂ ಅಷ್ಟು ಏಳುವುದಿಲ್ಲ.

ನಮ್ಮ ಮ್ಯಾನೇಜರು ಅಮೆರಿಕದವನು. ಅವನಿಗೊಂದು ಉದ್ದ ಹೆಸರಿತ್ತು, ಆದರೆ ಇಡೀ ಯಾರ್ಡು ಅವನನ್ನು ಟೆಕ್ಸಾಸ್ ಎಂದೇ ಕರೆಯುತ್ತಿತ್ತು, ಅವನೂ ಓಗೊಡುತ್ತಿದ್ದ. ಶುಕ್ರವಾರ ರಜೆಯ ದಿನ ಅವನೂ ಅಕ್ಕಪಕ್ಕದ ಕಂಪನಿಗಳ ಅಮೆರಿಕ, ಕೆನಡಾದವರೂ ಸೇರಿ ಯಾರ್ಡಿನ ಹಿಂದಿನ ಮರಳು ಬಯಲಲ್ಲಿ ಬೇಸ್‌ಬಾಲ್ ಆಡುತ್ತಿದ್ದರು. ಕಂಪನಿಗೊಂದು ತಂಡ, ಚಳಿಗಾಲ ಪೂರ್ತಿ ಪಂದ್ಯ, ಕೊನೆಗೊಂದು ಫೈನಲ್ಲು.

ಒಂದು ಶುಕ್ರವಾರ ನಾನು ಮತ್ತು ಕಂಪನಿ ಬಸ್ಸಿನ ಡ್ರೈವರ್ ಉಳ್ಳಾಲದ ಉಮ್ಮರಬ್ಬ ಬಸ್ಸಿನ ನೆರಳಿಗೆ ನಿಂತು ಚಹಾ ಕುಡಿಯುತ್ತಿದ್ದೆವು. ಪೈಪಿನ ರಾಶಿಯ ಆಚೆಯಿಂದ ಒಂದು ಚೆಂಡು, ಕಲ್ಲಿನಷ್ಟು ಗಟ್ಟಿಯದು, ಗುಂಡಿನ ವೇಗದಲ್ಲಿ ಬಂತು. ಉಮ್ಮರಬ್ಬ ಬಸ್ಸಿನ ಅಡಿಗೆ ನುಗ್ಗಿದ. ನಾನು ಬಲಗೈ ಚಾಚಿದೆ, ಅಷ್ಟೆ. ಎಡಗೈಯ ಗ್ಲಾಸಿನಿಂದ ಒಂದು ಹನಿ ಚಹಾ ಚೆಲ್ಲಲಿಲ್ಲ. ಗ್ಲಾಸು ಆಗಲೇ ಖಾಲಿಯಾಗಿತ್ತು ಎಂದು ಉಮ್ಮರಬ್ಬ ಇಂದಿಗೂ ಹೇಳುತ್ತಾನೆ. ಬಸ್ಸಿನ ಅಡಿಯಲ್ಲಿ ಮುಖ ಕೆಳಗೆ ಹಾಕಿ ಮಲಗಿದ್ದವನಿಗೆ ಗ್ಲಾಸಿನ ಒಳಗೆ ಹೇಗೆ ಕಂಡಿತು ಎಂದು ನಾನೂ ಇಂದಿಗೂ ಕೇಳುತ್ತೇನೆ.

ಚೆಂಡು ಹುಡುಕಿಕೊಂಡು ಬಂದ ಟೆಕ್ಸಾಸ್ ನನ್ನ ಅಂಗೈಯನ್ನು ಜ್ಯೋತಿಷಿಯ ಹಾಗೆ ತಿರುಗಿಸಿ ನೋಡಿದ. ಕಟಪಾಡಿಯ ಕೆಂಪುಕಲ್ಲಿನ ಮೈದಾನದಲ್ಲಿ ಬರಿಗೈಯಲ್ಲಿ ಆಡಿ ಬೆಳೆದ ಕೈ. ಅದರಲ್ಲಿ ರೇಖೆಗಳಿಗಿಂತ ಗಾಯದ ಗೆರೆಗಳೇ ಹೆಚ್ಚು. ಅವರ ತಂಡದ ಔಟ್‌ಫೀಲ್ಡರ್ ಒಬ್ಬನಿಗೆ, ಅಂದರೆ ದೂರದಲ್ಲಿ ನಿಂತು ಎತ್ತರದ ಹೊಡೆತ ಹಿಡಿಯುವವನಿಗೆ, ಕುವೈತಿಗೆ ವರ್ಗವಾಗಿತ್ತು. ಬರುತ್ತೀಯಾ ಎಂದು ಕೇಳಿದ. ಶುಕ್ರವಾರ ನಾನು ಬಟ್ಟೆ ಒಗೆಯುವ ದಿನ ಎಂದೆ. ಓವರ್‌ಟೈಮ್ ಹಾಕುತ್ತೇನೆ ಎಂದ. ಬಟ್ಟೆ ಯಾವತ್ತಾದರೂ ಒಗೆಯಬಹುದು. ಹೀಗೆ ನಾನು ಪ್ರೊಫೆಷನಲ್ ಆದೆ.

ಆಟದ ನಿಯಮಗಳನ್ನು ಟೆಕ್ಸಾಸ್ ಮರಳಲ್ಲಿ ಕೋಲಿನಿಂದ ಬರೆದು ವಿವರಿಸಿದ. ನಾಲ್ಕು ಮೂಲೆಗೆ ನಾಲ್ಕು ತಾಣ. ಹೊಡೆದವನು ಒಂದೊಂದೇ ತಾಣ ದಾಟಿ, ಸುತ್ತು ಹಾಕಿ ಹೊಡೆದ ಜಾಗಕ್ಕೇ, ಅಂದರೆ ಮನೆಗೆ, ಮರಳಿದರೆ ಒಂದು ರನ್ನು. ಕ್ಯಾಚು ಹಿಡಿದರೆ ಹೊಡೆದವನು ಔಟ್. ಅಲ್ಲಿಯವರೆಗೆ ಕೇಳಿದೆ. ಕ್ಯಾಚಿನ ನಂತರ ಏನು ಎನ್ನುವ ಭಾಗಕ್ಕೆ ಅವನು ಬರುವಷ್ಟರಲ್ಲಿ ನಾನು ‘ನೋ ಪ್ರಾಬ್ಲಂ’ ಎಂದುಬಿಟ್ಟಿದ್ದೆ. ಗಲ್ಫಿನಲ್ಲಿ ಈ ಎರಡು ಪದ ಕಲಿತವನಿಗೆ ಆಮೇಲೆ ಬೇರೇನನ್ನೂ ಕಲಿಸಲಾಗುವುದಿಲ್ಲ. ಮೊದಲ ಪಂದ್ಯದಲ್ಲೇ ಚೆಂಡೊಂದು ನನ್ನ ಪಕ್ಕದಿಂದ ಉರುಳಿ ಎಣ್ಣೆ ಡ್ರಮ್ಮುಗಳ ಸಾಲು ದಾಟಿತು. ನಾನು ನ್ಯಾಯವಾಗಿ ನಿಂತು, ಕೈ ಬೀಸಿ, ಫೋರ್ ಎಂದು ಸನ್ನೆ ಮಾಡಿದೆ. ಎದುರು ತಂಡದವರು ಮೂರು ಜನ ಸುತ್ತು ಮುಗಿಸಿ ಮನೆ ಸೇರಿದರು. ಆಮೇಲೆ ನನ್ನನ್ನು ರೈಟ್ ಫೀಲ್ಡು ಎಂಬ ಬಲತುದಿಗೆ ಕಳಿಸಿದರು. ಅಲ್ಲಿಗೆ ಚೆಂಡೇ ಬರುವುದಿಲ್ಲ. ಹುಲಿಯನ್ನು ಊರ ಹೊರಗೆ ಕಟ್ಟುತ್ತಾರಲ್ಲ, ಅದೇ ಗೌರವ ಎಂದು ತಿಳಿದುಕೊಂಡೆ.

ಟೆಕ್ಸಾಸಿನ ಅಜ್ಜ ಹಿಂದಿನ ಶತಮಾನದ ಆರಂಭದಲ್ಲಿ ಇದೇ ಆಟವಾಡಿ ಹೊಟ್ಟೆ ಹೊರೆದವರು, ಅವರೂ ಔಟ್‌ಫೀಲ್ಡರ್. ಅವನ ಪಿಕಪ್ ಗಾಡಿಯಲ್ಲಿ ನಾವು ಹೋಗುವಾಗೆಲ್ಲ ಅವನಿಗೆ ಅದೇ ಮಾತು. ಊರಿಂದೂರಿಗೆ ರೈಲಿನ ಮರದ ಬೆಂಚಿನಲ್ಲಿ ಕೂತು ಹೋಗುತ್ತಿದ್ದರಂತೆ. ಬೇಸಿಗೆಯಲ್ಲಿ ಆಟ, ಚಳಿಗಾಲದಲ್ಲಿ ಕಲ್ಲಿದ್ದಲ ಮಂಡಿಯಲ್ಲಿ ಹಮಾಲಿ. ಆಗ ಕೈಗವಸೂ ಈಗಿನ ಹಾಗೆ ಬುಟ್ಟಿಯಷ್ಟು ದೊಡ್ಡದಲ್ಲ, ರೊಟ್ಟಿಯಷ್ಟು ಚಿಕ್ಕದು. ಅಜ್ಜನ ಆ ಕೈಗವಸು ಟೆಕ್ಸಾಸಿನ ಆಫೀಸಿನ ಗಾಜಿನ ಕಪಾಟಿನಲ್ಲಿ, ದೇವರ ಮೂರ್ತಿಯ ಹಾಗೆ ಇತ್ತು. ಅವನು ಹೇಳಿದ್ದರಲ್ಲಿ ನನಗೆ ಅರ್ಧ ಅರ್ಥವಾಗುತ್ತಿತ್ತು, ಉಳಿದರ್ಧ ನಾನು ರಾತ್ರಿ ಕೆಲಸಗಾರರ ಕ್ಯಾಂಪಿನಲ್ಲಿ ಕತೆ ಹೇಳುವಾಗ ತುಂಬಿಕೊಳ್ಳುತ್ತಿದ್ದೆ. ರೈಲಿನಲ್ಲಿ ಕೂತಿದ್ದ ಅಜ್ಜ ನನ್ನ ಬಾಯಲ್ಲಿ ರೈಲಿನ ಮಾಡಿನ ಮೇಲೆ ಓಡುತ್ತ ಕ್ಯಾಚು ಹಿಡಿದರು. ಮರುವಾರ ರೈಲು ಸುರಂಗದೊಳಗೂ ಹೋಯಿತು. ಆ ಅಜ್ಜನ ಅರ್ಧ ಕೆರಿಯರ್ ನಡೆದದ್ದು ಮುಸಫ್ಫಾದ ಕ್ಯಾಂಪಿನಲ್ಲೇ.

ಇಷ್ಟರಲ್ಲಿ ನನಗೆ ಹಲ್ಲುನೋವು ಬಂತು. ಟೂರಿಸ್ಟ್ ಕ್ಲಬ್ ಏರಿಯಾದ ದಂತವೈದ್ಯರೊಬ್ಬರಲ್ಲಿಗೆ ಹೋದೆ. ರಿಸೆಪ್ಷನ್ನಿನಲ್ಲಿ ಅಕ್ಷಿತಾ ಕೂತಿದ್ದಳು. ಹಲ್ಲುನೋವು ಅಲ್ಲೇ ವಾಸಿಯಾಯಿತು, ಆದರೂ ನಾನು ಹೋಗುವುದನ್ನು ಬಿಡಲಿಲ್ಲ. ಒಂದಾದ ಮೇಲೊಂದರಂತೆ ನನ್ನ ಗಟ್ಟಿ ಹಲ್ಲುಗಳನ್ನೆಲ್ಲ ತೋರಿಸಿದೆ. ಅವಳು ಅಬುಧಾಬಿಯಲ್ಲೇ ಹುಟ್ಟಿ ಬೆಳೆದವಳು. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ, ತುಳುವಿನಲ್ಲಿ ಕೇಳಿದರೆ ನಗು. ನಾನು ಪ್ರೊಫೆಷನಲ್ ಬೇಸ್‌ಬಾಲ್ ಆಟಗಾರ ಎಂದು ಹೇಳಿದ ದಿನ ಪೆನ್ನು ಕೆಳಗಿಟ್ಟಳು.

“ರಿಯಲಿ? ವಾಟ್ ಪೊಸಿಷನ್?”

“ಎಲ್ಲ ಪೊಸಿಷನ್ನೂ” ಎಂದೆ.

ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡುವ ಹಾಗೆ ಅವಳು ನನ್ನನ್ನು ನೋಡಿದಳು. ಅವಳ ಶಾಲೆಯಲ್ಲಿ ಒಬ್ಬ ಕೆನಡಾದ ಟೀಚರು ಹುಡುಗಿಯರಿಗೂ ಈ ಆಟ ಕಲಿಸಿದ್ದರೆಂದು ಆಗ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಸ್ವಲ್ಪ ಕಡಿಮೆ ಹೇಳುತ್ತಿದ್ದೆ. ಅಥವಾ ಇನ್ನೂ ಸ್ವಲ್ಪ ಜಾಸ್ತಿ.

ಮದುವೆಗೆ ಅವಳ ಒಪ್ಪಿಗೆ ಇತ್ತು. ಅಷ್ಟು ಹಲ್ಲು ನೋಡಿದ ಮೇಲೂ ಇತ್ತು. ಅಡ್ಡವಿದ್ದದ್ದು ಅವಳ ಅಪ್ಪ ಶೀನಪ್ಪಣ್ಣ. ಅದೇ ಬೀದಿಯ ಸಸ್ಯಾಹಾರಿ ಹೊಟೇಲಿನ ಗಲ್ಲಾದಲ್ಲಿ ಕೂರುವವರು. ಊರಲ್ಲಿದ್ದಾಗ ಕಾಪುವಿನಿಂದ ಕುಂದಾಪುರದವರೆಗೆ ಯಾವ ಅಂಡರ್‌ಆರ್ಮ್ ಕ್ರಿಕೆಟ್ ಟೂರ್ನಮೆಂಟು ನಡೆದರೂ ಅಂಪಾಯರು ಅವರೇ. ಅವರು ಬೆರಳು ಎತ್ತಿದರೆ ಬ್ಯಾಟ್ಸ್‌ಮನ್ ಅಷ್ಟೇ ಅಲ್ಲ, ಪಕ್ಕದ ಗದ್ದೆಯ ಎಮ್ಮೆಯೂ ಹೊರಗೆ ಹೋಗುತ್ತಿತ್ತು ಎಂದು ಪ್ರತೀತಿ. ಇದು ನಾನು ಕಟ್ಟಿದ್ದಲ್ಲ, ಅವರೇ ಹೇಳಿದ್ದು. ದುಬೈಯಿಂದ ಬಂದಿದ್ದ ಒಬ್ಬ ಇಂಜಿನಿಯರ್ ವರ ಕನ್ನಡದವರ ಕ್ರೀಡಾಕೂಟದಲ್ಲಿ ಅವರೆದುರು ಸುಲಭದ ಕ್ಯಾಚೊಂದನ್ನು ಬಿಟ್ಟ. ಆ ಸಂಬಂಧ ಅಲ್ಲಿಗೆ ಖಲಾಸ್.

ನಾನು ಹೋಗಿ ವಿಷಯ ಹೇಳಿದಾಗ ಶೀನಪ್ಪಣ್ಣ ನನ್ನ ಕೆಲಸ, ಮನೆತನ, ವೀಸಾ ಯಾವುದನ್ನೂ ಕೇಳಲಿಲ್ಲ.

“ಚೆಂಡು ಮೇಲೆ ಇರುವಾಗ ಮನುಷ್ಯನ ಗುಣ ಗೊತ್ತಾಗ್ತದೆ ಮಾರಾಯ. ಕೆಳಗೆ ಬಂದ ಮೇಲೆ ಎಲ್ಲರೂ ಸಜ್ಜನರೇ. ನೀನು ದೊಡ್ಡ ಆಟಗಾರ ಅಂತ ಇವಳು ಹೇಳ್ತಾಳೆ. ಒಂದು ಕ್ಯಾಚು, ನನ್ನ ಕಣ್ಣೆದುರು. ಹಿಡಿದ್ಯಾ, ನಿಶ್ಚಯಕ್ಕೆ ದಿವಸ ನೋಡುವ. ಬಿಟ್ಯಾ, ಈ ಹೊಟೇಲಿಗೆ ದೋಸೆ ತಿನ್ಲಿಕ್ಕೂ ಬರ್ಬೇಡ.”

“ದೋಸೆಗೂ?”

“ಪಾರ್ಸೆಲ್ ತಗೊಂಡು ಹೋಗು.”

ಎದ್ದು ಬರುವಾಗ ಇನ್ನೊಂದು ಷರತ್ತು ಸೇರಿಸಿದರು. ಆ ಚರ್ಮದ ಬುಟ್ಟಿಯಲ್ಲಿ ಹಿಡಿದದ್ದನ್ನು ಅವರು ಕ್ಯಾಚೆಂದು ಒಪ್ಪುವುದಿಲ್ಲ. ಬುಟ್ಟಿಯಲ್ಲಿ ಹಿಡಿಯುವುದು ಮಾವಿನಕಾಯಿ ಕೊಯ್ಯುವವರು.

ಫೈನಲ್ಲಿನ ದಿನ ಶೀನಪ್ಪಣ್ಣ ಮಡಚುವ ಕುರ್ಚಿ, ಕೊಡೆ, ಫ್ಲಾಸ್ಕು ಮತ್ತು ಮಗಳ ಸಮೇತ ಬಂದರು. ತಲೆಯ ಮೇಲೆ ಹಳೆಯ ಬಿಳಿ ಅಂಪಾಯರ್ ಟೊಪ್ಪಿ. ನನ್ನ ಬಲತುದಿಯ ಗೆರೆಯ ಪಕ್ಕದಲ್ಲೇ ಕುರ್ಚಿ ಹಾಕಿ ಕೂತರು. ಅವರಿಗೆ ಕಾಮೆಂಟರಿ ಹೇಳಲು ಉಮ್ಮರಬ್ಬನನ್ನು ಪಕ್ಕದಲ್ಲಿ ಬಿಟ್ಟಿದ್ದೆ. ಅವನಿಗೆ ಆಟ ನನ್ನಷ್ಟೇ ಗೊತ್ತಿತ್ತು, ಆದರೆ ದನಿ ಗಟ್ಟಿ. ಯಾರಾದರೂ ಓಡಿದರೆ “ಓಡ್ತಾನೆ” ಎನ್ನುತ್ತಿದ್ದ, ನಿಂತರೆ “ಆಲೋಚನೆ ಮಾಡ್ತಿದ್ದಾನೆ” ಎನ್ನುತ್ತಿದ್ದ. ಶೀನಪ್ಪಣ್ಣ ಎಲ್ಲದಕ್ಕೂ ತಲೆಯಾಡಿಸಿದರು.

ಆದರೆ ನನ್ನ ಕಡೆಗೆ ಚೆಂಡೇ ಬರಲಿಲ್ಲ. ಬಿಸಿಲು ನೆತ್ತಿಗೇರಿತು, ಫ್ಲಾಸ್ಕು ಖಾಲಿಯಾಯಿತು, ಚೆಂಡು ಎಡಕ್ಕೆ ಹೋಯಿತು, ನಡುವಿಗೆ ಹೋಯಿತು, ಒಂದು ಸಲ ಯಾರ್ಡಿನ ಕಾವಲುಗಾರನ ಕೋಣೆಗೂ ಹೋಯಿತು. ಬಲತುದಿಗೆ ಮಾತ್ರ ಇಲ್ಲ. ಹಿಡಿಯದವನನ್ನು ಬಿಡಿ, ಹಿಡಿಯಲು ಏನೂ ಸಿಗದವನಿಗೆ ಹೆಣ್ಣು ಕೊಡುತ್ತಾರೋ ಇಲ್ಲವೋ ಎಂಬುದು ಷರತ್ತಿನಲ್ಲಿ ಇರಲಿಲ್ಲ. ಶೀನಪ್ಪಣ್ಣ ಎರಡು ಸಲ ವಾಚು ನೋಡಿದರು. ಹೊಟೇಲಿನಲ್ಲಿ ಮಧ್ಯಾಹ್ನದ ಊಟದ ಹೊತ್ತು. ಮೂರನೆಯ ಸಲ ನೋಡಿದಾಗ ಕುರ್ಚಿಯಿಂದ ಎದ್ದೇ ನಿಂತರು. ಅಕ್ಷಿತಾ ಅವರ ತೋಳು ಹಿಡಿದು ಕೂರಿಸಿದಳು.

ಕೊನೆಯ ಸರದಿ ಬಂತು. ಎರಡೂ ತಂಡ ಸರಿಸಮ. ಎದುರಿನವರ ಹೊಡೆತ, ಅವರಲ್ಲಿ ಒಬ್ಬನು ಔಟಾಗಿದ್ದ, ಇನ್ನೊಬ್ಬ ಮೂರನೆಯ ತಾಣದಲ್ಲಿ, ಮನೆಗೆ ಒಂದೇ ಓಟದ ದೂರದಲ್ಲಿ ಕಾಲು ಕೆರೆಯುತ್ತ ನಿಂತಿದ್ದ. ಹೊಡೆಯಲು ಬಂದವನು ಎಮ್ಮೆಯ ಗಾತ್ರದ ಕೆನಡಾದವನು. ಬೀಸಿದ.

ಚೆಂಡು ಎಷ್ಟು ಮೇಲೆ ಹೋಯಿತೆಂದರೆ ಬೊಂಬಾಯಿ ಕಡೆಗೆ ಹೋಗುತ್ತಿದ್ದ ವಿಮಾನವೊಂದು ಸ್ವಲ್ಪ ಪಕ್ಕಕ್ಕೆ ಸರಿದದ್ದನ್ನು ನಾನು ಕಣ್ಣಾರೆ ಕಂಡೆ. ಅಲ್ಲಿ ಸ್ವಲ್ಪ ಹೊತ್ತು ನಿಂತು, ಊರೆಲ್ಲ ನೋಡಿ, ನನ್ನ ಕಡೆಗೇ ಇಳಿಯತೊಡಗಿತು. ನಾನು ಕೈಗವಸನ್ನು ಕಿತ್ತು ಮರಳಿಗೆ ಎಸೆದೆ. ದೂರದಿಂದ ಟೆಕ್ಸಾಸ್ ಏನೋ ಕೂಗಿದ. ನಾನು ಹಿಂದಕ್ಕೆ ಓಡಿದೆ, ಸೂರ್ಯನನ್ನು ದಿಟ್ಟಿಸಿದೆ, ಸೂರ್ಯನೇ ಮೊದಲು ಕಣ್ಣು ಮುಚ್ಚಿದ. ಡ್ರಮ್ಮುಗಳ ಸಾಲಿಗೆ ಬೆನ್ನು ತಾಗುವ ಹೊತ್ತಿಗೆ ಮೇಲಕ್ಕೆ ಹಾರಿದೆ. ಎರಡು ಬರಿಗೈ, ನಡುವೆ ಚೆಂಡು. ಆ ಸದ್ದು ಶಾರ್ಜಾದವರೆಗೆ ಕೇಳಿಸಿದೆ ಎಂದು ಅಲ್ಲಿನವರು ಆಮೇಲೆ ಹೇಳಿದರು.

ಆಮೇಲೆ ನಾನು ಮಾಡಿದ್ದನ್ನು ನಮ್ಮ ಕಡೆಯ ಯಾವ ಗಂಡಸಾದರೂ ಮಾಡುತ್ತಿದ್ದ. ಕ್ಯಾಚು ಹಿಡಿದವನು ಏನು ಮಾಡುತ್ತಾನೆ? ಚೆಂಡನ್ನು ಆಕಾಶಕ್ಕೆ ಎಸೆಯುತ್ತಾನೆ. ನಾನೂ ಎಸೆದೆ, ಕೆನಡಾದವನು ಹೊಡೆದದ್ದಕ್ಕಿಂತ ಒಂದು ಗೇಣು ಮೇಲಕ್ಕೇ. ಎರಡೂ ಕೈ ಅಗಲಿಸಿ, ಮರಳು ಹಾರಿಸುತ್ತ, ಶೀನಪ್ಪಣ್ಣನ ಕುರ್ಚಿಯ ಕಡೆಗೆ ಓಡಿದೆ. ಶೀನಪ್ಪಣ್ಣ ಎದ್ದು ನಿಂತಿದ್ದರು. ಅವರ ಬಲಗೈಯ ತೋರುಬೆರಳು ಮೇಲೆ ಏರಿತ್ತು. ಔಟ್. ಉಮ್ಮರಬ್ಬ ನನ್ನನ್ನು ಅನಾಮತ್ತು ಎತ್ತಿಕೊಂಡ.

ನನ್ನ ಹಿಂದೆ ಆ ಚೆಂಡು ನಿಧಾನವಾಗಿ ಮರಳಿಗೆ ಬಿತ್ತು. ಮೂರನೆಯ ತಾಣದಲ್ಲಿದ್ದವನು ನಡೆದುಕೊಂಡೇ ಮನೆ ಸೇರಿದ.

ಟೆಕ್ಸಾಸ್ ಹೇಳುವಾಗ ನಾನು ‘ನೋ ಪ್ರಾಬ್ಲಂ’ ಎಂದಿದ್ದ ಭಾಗ ಅದೇ. ಬೇಸ್‌ಬಾಲಿನಲ್ಲಿ ಕ್ಯಾಚಾದರೆ ಹೊಡೆದವನು ಮಾತ್ರ ಔಟ್. ಆಟ ನಿಲ್ಲುವುದಿಲ್ಲ, ತಾಣದಲ್ಲಿ ಕಾಯುತ್ತಿದ್ದವನು ಓಡಬಹುದು. ಹಿಡಿದವನು ಚೆಂಡನ್ನು ತಕ್ಷಣ ಮನೆಗೆ ಎಸೆದು ಅವನನ್ನು ತಡೆಯಬೇಕು. ಆಕಾಶಕ್ಕೆ ಎಸೆದರೆ ಆಕಾಶದಲ್ಲಿ ಔಟ್ ಮಾಡುವವರು ಯಾರೂ ಇಲ್ಲ. ಆ ಒಂದು ರನ್ನಿಗೆ ಫೈನಲ್ಲು ನಾವು ಸೋತಿದ್ದೆವು.

ಆದರೆ ಬಲತುದಿಯಲ್ಲಿ ಅದು ಯಾರಿಗೂ ಗೊತ್ತಿರಲಿಲ್ಲ. ಅಥವಾ ಒಬ್ಬರನ್ನು ಬಿಟ್ಟು ಯಾರಿಗೂ. ಶೀನಪ್ಪಣ್ಣ ನನ್ನ ಬೆನ್ನು ತಟ್ಟಿ, ಕುರ್ಚಿ ಮಡಚಿ, ಮೈದಾನದ ಕಡೆ ನೋಡಿದರು. ಅಲ್ಲಿ ಎದುರು ತಂಡದವರು ಒಬ್ಬರ ಮೇಲೊಬ್ಬರು ಬಿದ್ದು ಕುಣಿಯುತ್ತಿದ್ದರು. ನಮ್ಮವರು ಸೊಂಟಕ್ಕೆ ಕೈಕೊಟ್ಟು ನಿಂತಿದ್ದರು. ಹಳೆಯ ಅಂಪಾಯರ ಕಣ್ಣು ಕಿರಿದಾಯಿತು.

“ಔಟಾದದ್ದು ಅವರ ಜನ. ಮತ್ತೆ ಅವರು ಎಂತಕ್ಕೆ ಕುಣಿಯುವುದು?”

ಉಮ್ಮರಬ್ಬ ನನ್ನನ್ನು ಕೆಳಗಿಳಿಸಿದ. ನನಗೂ ಆಗಷ್ಟೇ, ಟೆಕ್ಸಾಸ್ ಟೊಪ್ಪಿಯನ್ನು ನೆಲಕ್ಕೆ ಬಡಿದದ್ದು ಕಂಡು, ಏನೋ ಎಡವಟ್ಟಾಗಿದೆ ಎಂದು ಹೊಳೆಯಿತು. ಅಪ್ಪನಿಗೆ ಉತ್ತರ ಹೇಳಿದ್ದು ಅಕ್ಷಿತಾ. ನನ್ನನ್ನು ನೋಡಲಿಲ್ಲ, ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಲೇ ಹೇಳಿದಳು.

“ದೇ ಆರ್ ವೆರಿ ಸ್ಪೋರ್ಟಿಂಗ್ ಪೀಪಲ್, ಪಪ್ಪಾ. ಒಳ್ಳೆ ಕ್ಯಾಚ್ ಅಂದ್ರೆ ಎದುರಿನವರೂ ಡ್ಯಾನ್ಸ್ ಮಾಡ್ತಾರೆ.”

ಶೀನಪ್ಪಣ್ಣ ಬಹಳ ಹೊತ್ತು ಆ ಕುಣಿತ ನೋಡಿದರು. “ಸಂಸ್ಕಾರ ಅಂದ್ರೆ ಇದು” ಎಂದರು. “ನಮ್ಮಲ್ಲಾದರೆ ಸ್ಟಂಪು ಕಿತ್ತುಕೊಂಡು ಹೊಡೆಯಲಿಕ್ಕೆ ಬರ್ತಿದ್ರು.”

ಅಷ್ಟಕ್ಕೆ ಬಿಡದೆ, ನೇರ ಹೋಗಿ ಟೆಕ್ಸಾಸಿನ ಕೈ ಹಿಡಿದು ಕುಲುಕಿ ಅಭಿನಂದಿಸಿದರು. ಆಗಷ್ಟೇ ಫೈನಲ್ಲು ಸೋತವನಿಗೆ. ಟೆಕ್ಸಾಸ್ ಬಾಯಿ ತೆರೆದ. ನನ್ನ ಮದುವೆ ಆ ತೆರೆದ ಬಾಯಲ್ಲಿತ್ತು. ಹಿಂದೆಯೇ ಓಡಿ ಹೋಗಿದ್ದ ಉಮ್ಮರಬ್ಬ, ತನಗೆ ಗೊತ್ತಿದ್ದ ಅಷ್ಟೂ ಇಂಗ್ಲಿಷನ್ನು ಒಂದೇ ಸಲಕ್ಕೆ ಖರ್ಚುಮಾಡಿದ. “ಸರ್, ದಿಸ್ ಫಾದರ್. ದಟ್ ಗರ್ಲ್. ಲತೇಶ್ ಮ್ಯಾರೇಜ್. ಪ್ಲೀಸ್ ಸರ್.”

ಟೆಕ್ಸಾಸ್ ಶೀನಪ್ಪಣ್ಣನನ್ನು ನೋಡಿದ, ಅವರ ಬಿಳಿ ಟೊಪ್ಪಿ ನೋಡಿದ, ಕೊಡೆ ಹಿಡಿದು ನಿಂತ ಅಕ್ಷಿತಾಳನ್ನು ನೋಡಿದ. ಆಮೇಲೆ ತನ್ನ ಟೊಪ್ಪಿಯನ್ನು ನೆಲದಿಂದ ಎತ್ತಿ, ಮರಳು ಕೊಡವಿ, ನಾನು ಹಿಡಿದಂಥ ಕ್ಯಾಚನ್ನು ತಾನು ಜನ್ಮದಲ್ಲಿ ಕಂಡಿಲ್ಲವೆಂದು ಹೇಳಿದ. ಅದು ಸುಳ್ಳಲ್ಲ ಎಂಬುದನ್ನು ದಯವಿಟ್ಟು ಗಮನಿಸಿ.

ಮರುದಿನ ಅವನು ನನ್ನನ್ನು ಆಫೀಸಿಗೆ ಕರೆದ. ವೀಸಾ ಕ್ಯಾನ್ಸಲ್ ಎಂದೇ ಹೋದೆ. ಅವನು ಗಾಜಿನ ಕಪಾಟಿನ ಬಾಗಿಲು ತೆಗೆದು ಅಜ್ಜನ ಕೈಗವಸನ್ನು ಮೇಜಿನ ಮೇಲಿಟ್ಟ. ಪಿಕಪ್ಪಿನಲ್ಲಿ ಯಾವತ್ತೂ ಹೇಳದಿದ್ದ ಒಂದು ಭಾಗವನ್ನು ಅಂದು ಹೇಳಿದ. ಅಜ್ಜ ವರ್ಷಗಟ್ಟಲೆ ಆಡಿದರೂ, ಅವರ ಊರಿನವರಿಗೆ ನೆನಪಿದ್ದದ್ದು ಒಂದೇ ದಿನವಂತೆ: ಅಜ್ಜ ಗೋಡೆಯ ಬುಡದಲ್ಲಿ ಅದ್ಭುತವಾದ ಕ್ಯಾಚು ಹಿಡಿದು, ಔಟಾದವರ ಲೆಕ್ಕ ತಪ್ಪಿ, ಆಟ ಮುಗಿಯಿತೆಂದುಕೊಂಡು, ಚೆಂಡನ್ನು ಪ್ರೇಕ್ಷಕರಲ್ಲಿದ್ದ ಒಬ್ಬ ಮುದುಕಿಗೆ ಬಗ್ಗಿ ಕೊಟ್ಟುಬಿಟ್ಟ ದಿನ. ಅವರು ಕೊಡುವಾಗ ಹಿಂದೆ ಇಬ್ಬರು ಓಡಿ ಮನೆ ಸೇರಿದ್ದರು. ಮುದುಕಿ ಚೆಂಡು ವಾಪಸು ಕೊಡಲೂ ಇಲ್ಲ. ಇದನ್ನು ಹೇಳುತ್ತ ಟೆಕ್ಸಾಸ್ ಎಷ್ಟು ನಕ್ಕನೆಂದರೆ ಹೊರಗೆ ಕ್ರೇನು ನಿಂತಿತು.

ನಾನು ಆ ಕೈಗವಸಿನೊಳಗೆ ಕೈ ಹಾಕಿ ನೋಡಿದೆ. ಬೆರಳು ಅರ್ಧಕ್ಕೇ ನಿಂತವು. ಅಜ್ಜನಿಗಿಂತ ದೊಡ್ಡ ಆಟಗಾರ ನಾನು ಎಂದು ನಾನಾಗಿ ಹೇಳುವುದಿಲ್ಲ, ಕೈ ಹೇಳಿತು. ಅಂದೇ ನನ್ನನ್ನು ತಂಡದಿಂದ ತೆಗೆದರು. ಕೀರ್ತಿಯ ಶಿಖರದಲ್ಲಿ ನಿವೃತ್ತನಾದೆ ಎಂದು ನಾನು ಇದನ್ನು ಕರೆಯುತ್ತೇನೆ. ಶುಕ್ರವಾರ ಮತ್ತೆ ಬಟ್ಟೆ ಒಗೆಯತೊಡಗಿದೆ.

ನಿಶ್ಚಿತಾರ್ಥದ ದಿನ, ಊಟದ ಸಾಲಿನಲ್ಲಿ ಪಕ್ಕಕ್ಕೆ ಕೂತಾಗ, ಅಕ್ಷಿತಾ ಮೆಲ್ಲಗೆ ಎಲ್ಲವನ್ನೂ ಬಿಡಿಸಿ ಹೇಳಿದಳು. ಓಟಗಾರ ಎಲ್ಲಿದ್ದ, ನಾನು ಎಲ್ಲಿಗೆ ಎಸೆಯಬೇಕಿತ್ತು, ಎಲ್ಲ. ಮತ್ತೆ ಅಪ್ಪನಿಗೆ ಯಾಕೆ ಹಾಗೆ ಹೇಳಿದೆ ಎಂದು ಕೇಳಿದೆ.

“ಪಪ್ಪಾ ಕೇಳಿದ್ದು ಕ್ಯಾಚ್. ಯು ಕಾಟ್ ಇಟ್” ಎಂದಳು. “ಮ್ಯಾಚ್ ಯಾರು ಕೇಳಿದ್ರು?”

ಈಗ ನಾವು ದುಬೈಯಲ್ಲಿದ್ದೇವೆ, ಜುಮೇರಾ ಲೇಕ್ ಟವರ್ಸಿನ ಒಂದು ಎತ್ತರದ ಮಹಡಿಯಲ್ಲಿ. ನಾನು ಬೆರಳೆತ್ತಿ ಕಟ್ಟಿಸಿದ ಕಟ್ಟಡಗಳೇ ಸುತ್ತ ಕಾಣುತ್ತವೆ. ಶೀನಪ್ಪಣ್ಣ ಗಲ್ಲಾ ಬಿಟ್ಟುಕೊಟ್ಟು ನಮ್ಮೊಡನೆ ಇರಲು ಬಂದಿದ್ದಾರೆ. ಮನೆಗೆ ಬಂದ ನೆಂಟರಿಗೆಲ್ಲ ಆ ಕ್ಯಾಚಿನ ಕತೆ ಹೇಳುತ್ತಾರೆ, ಮತ್ತು ನಾಚಿಕೆಯಿಂದ ಹೇಳಬೇಕು, ನನಗಿಂತ ಜಾಸ್ತಿ ಸೇರಿಸುತ್ತಾರೆ. ಅವರ ಕತೆಯಲ್ಲಿ ವಿಮಾನ ಎರಡು.

ಕಳೆದ ವಾರ ಅವರು ರಿಮೋಟು ಒತ್ತುತ್ತ ಒತ್ತುತ್ತ ಒಂದು ಚಾನೆಲಿಗೆ ಬಂದು ನಿಂತರು. ಬೇಸ್‌ಬಾಲ್. ನಾನು ಸೋಫಾದಿಂದ ಏಳುವುದರೊಳಗೆ ಒಬ್ಬ ಎತ್ತರಕ್ಕೆ ಹೊಡೆದ, ದೂರದಲ್ಲಿ ಒಬ್ಬ ಹಿಡಿದ, ಮೂರನೆಯ ತಾಣದವನು ಓಡಿ ಮನೆ ಸೇರಿದ. ಅವನ ತಂಡದವರು ಕುಣಿಯತೊಡಗಿದರು. ಅಕ್ಷಿತಾ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಳು.

ಶೀನಪ್ಪಣ್ಣ ಟಿವಿ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಆ ನೋಟ ಎಷ್ಟು ಉದ್ದವಿತ್ತೆಂದರೆ ಅದರಲ್ಲಿ ಅಬುಧಾಬಿಗೆ ಹೋಗಿ ಬರಬಹುದಿತ್ತು. ಕೊನೆಗೆ ಮಗಳನ್ನು ನೋಡಿದರು, ಸೌಟನ್ನು ನೋಡಿದರು. ಪುನಃ ಟಿವಿಯ ಕಡೆಗೆ ತಿರುಗಿ ಬಲಗೈಯ ತೋರುಬೆರಳನ್ನು ಮೆಲ್ಲಗೆ ಮೇಲಕ್ಕೆತ್ತಿದರು.

“ಕ್ಯಾಚು ಹಿಡಿದ ಮೇಲೆ ಎಂಥ ಓಟ? ಚೆಂಡು ಸತ್ತಿತು, ಖಲಾಸ್. ಅಂಪಾಯರಿಗೆ ಏನೂ ಗೊತ್ತಿಲ್ಲ.”

ನಾನೂ ತೊಂಬತ್ತೆಂಟರಿಂದ ಅದನ್ನೇ ಹೇಳುತ್ತಾ ಬಂದಿದ್ದೇನೆ.